ಮಿಸ್ಸಿಂಗ್ ಹೊಡೆಯುವ ಗಾಡಿ, ‘ಎಲ್ಲ ಓಕೆ’ ಎನ್ನುವ ಶೋರೂಮ್

ಘಾಟಿ ಹತ್ತುವಾಗ ನಾಲ್ಕನೇ ಗೇರಿನಲ್ಲಿ ಗಾಡಿ ಜಗ್ಗುತ್ತದೆ. ಚೆಕ್ ಎಂಜಿನ್ ದೀಪ ನಾಲ್ಕು ಸಲ ಮಿನುಗಿ, ಆಮೇಲೆ ಉರಿಯುತ್ತಲೇ ಇರುತ್ತದೆ. ಶೋರೂಮಿಗೆ ಬಿಟ್ಟು ಬಂದರೆ ಸಂಜೆ ಫೋನ್: ‘ಸರ್, ಚೆಕ್ ಮಾಡಿದ್ವಿ, ಎಲ್ಲ ಓಕೆ ಇದೆ. ಕೋಡ್ ಕ್ಲಿಯರ್ ಮಾಡಿದೀವಿ.’ ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಹೀಗೆ ಸುತ್ತಾಡಿ ಬೇಸತ್ತು ನಮ್ಮ ಗ್ಯಾರೇಜಿಗೆ ಬರುವ ಪೆಟ್ರೋಲ್ ಕಾರುಗಳು ಬಹಳ.

ಆ ‘ಕ್ಲಿಯರ್ ಮಾಡಿದೀವಿ’ ಅನ್ನೋ ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆ ಅಂತ ಹೇಳುತ್ತೇನೆ.

ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿದ್ದರೆ (ಮಿಸ್ಸಿಂಗ್ ಅಂದರೆ ಇದೇ) ಕ್ರ್ಯಾಂಕ್, ಅಂದರೆ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ, ಆ ಕ್ಷಣಕ್ಕೆ ಒಂಚೂರು ನಿಧಾನವಾಗುತ್ತದೆ. ನಮಗೆ ಗೊತ್ತಾಗದಷ್ಟು ಸಣ್ಣ ವ್ಯತ್ಯಾಸ. ಆದರೆ ಕ್ರ್ಯಾಂಕ್ ಸೆನ್ಸರ್‌ಗೆ ಗೊತ್ತಾಗುತ್ತದೆ. ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಅದನ್ನು ಎಣಿಸಿ, ಮಿತಿ ಮೀರಿದರೆ ದೋಷದ ಕೋಡ್ ಬರೆದುಕೊಳ್ಳುತ್ತದೆ. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0303 ಅಂದರೆ ಮೂರನೆಯದು. ಪಿ0300 ಬಂದರೆ ಯಾವುದೋ ಒಂದಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುತ್ತಿದೆ ಅಂತ ಅರ್ಥ. ಕೋಡ್ ಜೊತೆಗೆ ಆ ಹೊತ್ತಿನ ಆರ್‌ಪಿಎಂ, ಸ್ಪೀಡು, ಎಂಜಿನ್ ಮೇಲಿದ್ದ ಲೋಡು, ಎಂಜಿನ್ ತಣಿಸುವ ಕೂಲೆಂಟಿನ ಬಿಸಿ ಎಲ್ಲ ದಾಖಲಾಗುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಇದೂ ಹೋಯಿತು.

ರೋಗ ಹಿಡಿಯಲು ಬೇಕಾದದ್ದು ಅದೇ. ಕೂಲೆಂಟ್ 90 ಡಿಗ್ರಿ, ಆರ್‌ಪಿಎಂ 1,700, ಲೋಡು ಜಾಸ್ತಿ ಅಂತಿದ್ದರೆ ನನ್ನ ಕೈ ಮೊದಲು ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಕಡೆಗೆ ಹೋಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಕೂಡಲೇ ಬಂದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಸೋರಿಕೆಯೋ, ರಾತ್ರಿಯೆಲ್ಲ ಕೂಲೆಂಟ್ ಸಿಲಿಂಡರಿನೊಳಗೆ ಇಳಿಯುತ್ತಿದೆಯೋ ನೋಡಬೇಕು.

ಏರಿನಲ್ಲೇ ಯಾಕೆ ತಪ್ಪುತ್ತದೆ? ಆಕ್ಸಿಲರೇಟರ್ ಜೋರಾಗಿ ತುಳಿದಾಗ ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬಿ, ಒಳಗಿನ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಗ್ಯಾಪ್ ದಾಟಿ ಕಿಡಿ ಹಾರಬೇಕಾದರೆ ವೋಲ್ಟೇಜ್ ಹೆಚ್ಚು ಬೇಕು. ಕಾಯಿಲ್ ಸೋತಿದ್ದರೆ ಅಷ್ಟು ಕೊಡಲಾರದು. ಅದನ್ನು ಪ್ಲಗ್ಗಿಗೆ ಸೇರಿಸುವ ರಬ್ಬರ್ ಬೂಟ್ ಸೀಳಿದ್ದರೆ ಕರೆಂಟ್ ಗ್ಯಾಪಿಗೆ ಹೋಗದೆ ಪ್ಲಗ್ಗಿನ ಹೊರಮೈಯಿಂದಲೇ ಇಳಿದು ಎಂಜಿನ್ನಿನ ಲೋಹಕ್ಕೆ ಹೋಗಿಬಿಡುತ್ತದೆ. ಐಡ್ಲಿಂಗ್‌ನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಕೋಡ್ ಅಳಿಸಿ, ಶೋರೂಮಿನ ಶೆಡ್ಡಿನಲ್ಲಿ ನಿಂತ ಗಾಡಿಗೆ ಮತ್ತೆ ಸ್ಕ್ಯಾನರ್ ಹಾಕಿದರೆ ಎಲ್ಲ ಓಕೆ ಅಂತಲೇ ತೋರಿಸುತ್ತದೆ. ಅವರು ಸುಳ್ಳು ಹೇಳಿದ್ದಲ್ಲ. ಪರೀಕ್ಷೆ ಮಾಡಿದ ಜಾಗ ತಪ್ಪು.

ಈಚೆಗೆ ಒಂದು ನಾಲ್ಕು ಸಿಲಿಂಡರ್ ಕಾರು ಬಂತು. ಪ್ಲಗ್ ಹೊಸದು, ಥ್ರಾಟಲ್ ಬಾಡಿ ಕ್ಲೀನಿಂಗ್ ಆಗಿದೆ, ಇಂಜೆಕ್ಟರ್ ಕ್ಲೀನಿಂಗ್ ಆಗಿದೆ, ಬಿಲ್ಲೂ ದಪ್ಪಗಿದೆ. ಮಿಸ್ಸಿಂಗ್ ಮಾತ್ರ ಹಾಗೇ ಇದೆ. ಕೋಡ್ ಪಿ0303. ಮೂರನೇ ಕಾಯಿಲ್ ಬಿಚ್ಚಿ ಒಂದನೆಯದಕ್ಕೆ ಹಾಕಿ, ಒಂದನೆಯದನ್ನು ಮೂರಕ್ಕೆ ಕೂರಿಸಿ ಏರಿಗೆ ಹೊಡೆದೆವು. ಈಗ ಬಂದದ್ದು ಪಿ0301. ದೋಷ ಕಾಯಿಲ್ ಹಿಂದೆಯೇ ಹೋಯಿತು, ಅಲ್ಲಿಗೆ ವಾದ ಮುಗಿಯಿತು. ಇದಕ್ಕೆ ಹೊಸ ಪಾರ್ಟ್ ಬೇಕಿಲ್ಲ, ಒಂದು ಸ್ಪ್ಯಾನರ್ ಸಾಕು.

ಬೂಟನ್ನು ಟಾರ್ಚ್ ಬೆಳಕಿನಲ್ಲಿ ಬಿಡಿಸಿ ನೋಡಿದರೆ ಒಳಗೆ ಕೂದಲೆಳೆಯಂಥ ಬೂದು ಗೆರೆ. ಅದಕ್ಕೆ ಸರಿಯಾಗಿ ಮೂರನೇ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೂ ಕಪ್ಪು ಗೆರೆ. ಪ್ಲಗ್ ಕೂರುವ ಗುಂಡಿಯಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿ, ಬೂಟಿನ ರಬ್ಬರ್ ಮೆತ್ತಗಾಗಿ ಹಾಳಾಗಿದೆ. ಹಾಗಾಗಿ ಕಾಯಿಲ್ ಜೊತೆ ಗ್ಯಾಸ್ಕೆಟ್ ಬದಲಿಸಬೇಕಾಯಿತು. ಗೆರೆ ಬಿದ್ದ ಆ ಪ್ಲಗ್ಗನ್ನೂ ಎಸೆಯಬೇಕಾಯಿತು. ಅದನ್ನು ಉಳಿಸಿಕೊಂಡರೆ ಹೊಸ ಬೂಟೂ ಅದೇ ದಾರಿ ಹಿಡಿಯುತ್ತದೆ.

ಹೀಗೆ ಕಾಯಿಲ್ ಅದಲು ಬದಲು ಮಾಡಿದರೂ ಕೋಡ್ ಮೂರರಲ್ಲೇ ಉಳಿದರೆ ಪ್ಲಗ್ಗನ್ನೂ ಹಾಗೇ ಅದಲು ಬದಲು ಮಾಡಿ. ಅದೂ ಅಲ್ಲದಿದ್ದರೆ ಇಂಜೆಕ್ಟರ್ ಮತ್ತು ಅದರ ವೈರಿಂಗ್. ಸಾಮಾನ್ಯ ಪೋರ್ಟ್ ಇಂಜೆಕ್ಟರ್ ಮಲ್ಟಿಮೀಟರಿನಲ್ಲಿ 12ರಿಂದ 16 ಓಮ್ ತೋರಿಸುತ್ತದೆ. ವೈರಿಗೆ ಇಲಿ ಬಾಯಿ ಹಾಕಿದೆಯಾ ಅಂತಲೂ ನೋಡಿ, ನಮ್ಮೂರಲ್ಲಿ ಅದು ಮಾಮೂಲಿ. ಕೊನೆಗೆ ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವುದು. ಒಂದು ಸಿಲಿಂಡರ್ ಮಾತ್ರ ಉಳಿದವಕ್ಕಿಂತ ತೀರಾ ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ಅನುಮಾನ ವಾಲ್ವ್ ಮೇಲೆ.

ದೀಪ ಮಿನುಗುತ್ತಿದ್ದರೆ ದಯವಿಟ್ಟು ಎಳೆದಾಡಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜಾಲರಿ ಕರಗುತ್ತದೆ. ಅದರ ಬೆಲೆ ಕಾಯಿಲ್‌ನ ಎಷ್ಟೋ ಪಟ್ಟು.

ಇನ್ನು ಶೋರೂಮಿನ ವಿಷಯ. ಒಳಗೆ ಕೆಲಸ ಮಾಡುವ ಹುಡುಗರಲ್ಲಿ ಕೈಚಳಕ ಇರುವವರು ಬೇಕಾದಷ್ಟಿದ್ದಾರೆ. ಆದರೆ ನಿಮ್ಮ ಜೊತೆ ಮಾತಾಡುವುದು ಸರ್ವಿಸ್ ಅಡ್ವೈಸರ್. ಅವರು ಜಾಬ್ ಕಾರ್ಡಿನಲ್ಲಿ ‘ಎಂಜಿನ್ ಜರ್ಕ್’ ಅಂತ ಎರಡೇ ಪದ ಬರೆದರೆ, ಒಳಗಿನವನಿಗೆ ತಲುಪುವುದೂ ಅಷ್ಟೇ. ‘ಎಂಜಿನ್ ಬಿಸಿಯಾದ ಮೇಲೆ, ನಾಲ್ಕನೇ ಗೇರಿನಲ್ಲಿ, ಏರಿನಲ್ಲಿ ಜಗ್ಗುತ್ತದೆ, ದೀಪ ಮಿನುಗುತ್ತದೆ’ ಅಂತ ಬರೆಸಿ. ಮಳೆಯಲ್ಲಿ ಜಾಸ್ತಿಯಾ, ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯಿತಾ, ಅದನ್ನೂ ಹೇಳಿ. ‘ಕಾಯಿಲ್ ಚೇಂಜ್ ಮಾಡಿ’ ಅಂತ ನೀವೇ ಹೇಳಬೇಡಿ. ಅದು ಸರಿಹೋಗದಿದ್ದರೆ ‘ನೀವೇ ಹೇಳಿದ್ರಲ್ಲ ಸರ್’ ಅನ್ನುತ್ತಾರೆ.

ಟೆಕ್ನಿಶಿಯನ್ ಅನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿ ತೋರಿಸಿ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಫೋಟೊ ಕೇಳಿ. ಪಾರ್ಟ್ ಹಾಕಬೇಕು ಅಂದರೆ ‘ಯಾವ ಟೆಸ್ಟ್ ಮಾಡಿ ಇದೇ ಅಂತ ಗೊತ್ತಾಯ್ತು?’ ಅಂತ ಮೆತ್ತಗೆ ಕೇಳಿ. ಕೆಲಸ ಮಾಡಿದವನಿಗೆ ಉತ್ತರ ಬಾಯಲ್ಲೇ ಇರುತ್ತದೆ. ನೀವು ದುಡ್ಡು ಕೊಟ್ಟ ಪಾರ್ಟಿನ ಹಳೇದನ್ನು ವಾಪಸ್ ತೆಗೆದುಕೊಳ್ಳಿ. ವಾರಂಟಿಯಲ್ಲಿ ಬದಲಿಸಿದ್ದಾದರೆ ಹಳೇದು ಕಂಪನಿಗೆ ಹೋಗುತ್ತದೆ, ಅದನ್ನು ಕೇಳಿ ಜಗಳ ಬೇಡ.

ಗಾಡಿ ವಾರಂಟಿಯಲ್ಲಿದ್ದರೆ ಪ್ರತಿ ಸಲವೂ ಜಾಬ್ ಕಾರ್ಡ್ ಮಾಡಿಸಲೇಬೇಕು. ಸುಮ್ನೆ ತೋರಿಸಿ ಬಂದದ್ದಕ್ಕೆ ಲೆಕ್ಕವಿಲ್ಲ. ದೂರು ವಾರಂಟಿಯೊಳಗೇ ಶುರುವಾಗಿತ್ತು ಎನ್ನಲು ಆ ಕಾಗದವೇ ಆಧಾರ. ಆದರೂ ಕೈ ತೊಳೆದುಕೊಂಡರೆ ಕಂಪನಿಗೆ ಇಮೇಲ್ ಬರೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಅಲ್ಲಿ ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ 2 ವರ್ಷ ಅವಕಾಶ.