ಓದಿದ ಮೇಲೆ ಪ್ರಶ್ನೆ ಕೇಳಬೇಡಿ

ಎರಡನೇ ತರಗತಿವರೆಗೆ ಚಿತ್ರಕಥೆ ಹಿಡಿದು ಕೂರುತ್ತಿದ್ದ ಮಗು ನಾಲ್ಕಕ್ಕೆ ಬರುವಷ್ಟರಲ್ಲಿ ಪುಸ್ತಕವನ್ನೇ ಮುಟ್ಟುವುದಿಲ್ಲ ಎಂಬ ದೂರು ತೀರಾ ಸಾಮಾನ್ಯ. ಬೈಗುಳವೆಲ್ಲ ಮೊಬೈಲಿಗೆ. ಅದರ ಪಾಲೂ ಇದೆ, ಇಲ್ಲವೆನ್ನಲಾಗದು. ಆದರೆ ಮಗು ಓದುವಾಗ ಎಲ್ಲಿ ಎಡವುತ್ತಿದೆ ಎಂಬುದನ್ನು ಮೊದಲು ನೋಡಬೇಕು.

ವರ್ಣಮಾಲೆಯ 49 ಅಕ್ಷರ ಗೊತ್ತಾದರೆ ಕನ್ನಡ ಓದಲು ಬಂತು ಎಂದಲ್ಲ. 34 ವ್ಯಂಜನಗಳಿಗೆ 13 ಸ್ವರ ಸೇರಿದರೆ ಲೆಕ್ಕಕ್ಕೆ 442 ರೂಪ. ಒತ್ತಕ್ಷರಗಳು ಬೇರೆ. ‘ಸೂರ್ಯ’ ಎಂಬ ಪುಟ್ಟ ಪದವನ್ನೇ ನೋಡಿ. ಅರ್ಕಾವೊತ್ತು ಕಣ್ಣಿಗೆ ಬೀಳುವುದು ‘ಯ’ ಆದ ಮೇಲೆ, ನಾಲಿಗೆಗೆ ಬರಬೇಕಾದದ್ದು ಅದಕ್ಕಿಂತ ಮೊದಲು. ಮಗು ‘ಸೂಯ’ ಎಂದು ತಡೆದು, ಹಿಂದಕ್ಕೆ ಹೋಗಿ ಸರಿಮಾಡಿಕೊಳ್ಳುತ್ತದೆ. ‘ಮನೆಯಲ್ಲಿದ್ದವರೆಲ್ಲರೂ’ ಎಂಬಂಥ ಪದದಲ್ಲಿ ಬಾಲ ತಲುಪುವ ಹೊತ್ತಿಗೆ ತಲೆಯೇ ಮರೆತಿರುತ್ತದೆ. ನಿಯಮ ಹೇಳಿಕೊಟ್ಟರೆ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ. ಅದೇ ಒತ್ತು ಬೇರೆ ಬೇರೆ ಪದಗಳಲ್ಲಿ ಮತ್ತೆ ಮತ್ತೆ ಎದುರಾಗಬೇಕು, ಅಷ್ಟು ಪುಟ ಪಠ್ಯಪುಸ್ತಕದಲ್ಲಿಲ್ಲ. ಮುಂದೇನಾಯಿತು ಎಂಬ ಕುತೂಹಲಕ್ಕೆ ಪುಟ ತಿರುಗಿಸುವ ಮಗುವಿಗೆ ಈ ಅಭ್ಯಾಸ ತಾನಾಗಿ ಆಗುತ್ತದೆ.

ಇನ್ನೊಂದು ತೊಡಕು ಕಿವಿಯದು. ಮನೆಯಲ್ಲಿ ‘ಹೊಂಟಾನ’, ‘ಹೋಗ್ತಾವ್ನೆ’ ಎಂದು ಕೇಳಿ ಬೆಳೆದವರಿಗೆ ‘ಹೋಗುತ್ತಿದ್ದಾನೆ’ ಓದುವ ಮೊದಲು ಕೇಳಿಯಾದರೂ ಗೊತ್ತಿರಬೇಕು. ಹಾಗಾಗಿ ದಿನಕ್ಕೆ 15 ನಿಮಿಷ ದೊಡ್ಡವರು ಗಟ್ಟಿಯಾಗಿ ಓದಿ ಹೇಳಲಿ. ಮಗು ಸ್ವತಃ ಓದಲು ಕಲಿತ ಕೂಡಲೇ ಇದನ್ನು ನಿಲ್ಲಿಸಿಬಿಡುತ್ತಾರೆ, ನಿಲ್ಲಿಸಬಾರದ ಹೊತ್ತು ಅದೇ.

ಬ್ರಿಟನ್ನಿನಲ್ಲಿ 1970ರಲ್ಲಿ ಹುಟ್ಟಿದ ಸುಮಾರು 6,000 ಮಂದಿಯ ಮಾಹಿತಿ ಪರಿಶೀಲಿಸಿ ಆಲಿಸ್ ಸಲಿವನ್ ಮತ್ತು ಮ್ಯಾಟ್ ಬ್ರೌನ್ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖುಷಿಗೆ ಓದುತ್ತಿದ್ದ ಮಕ್ಕಳು 10ರಿಂದ 16ನೇ ವಯಸ್ಸಿನೊಳಗೆ ಪದಸಂಪತ್ತಿನಲ್ಲಿ, ಕಾಗುಣಿತದಲ್ಲಿ, ಗಣಿತದಲ್ಲೂ ಹೆಚ್ಚು ಮುಂದೆ ಹೋಗಿದ್ದರು. ಗಣಿತವೇಕೆ ಎಂದು ಅಚ್ಚರಿಪಡಬೇಕಿಲ್ಲ. ‘ಉಳಿದದ್ದರಲ್ಲಿ ಅರ್ಧವನ್ನು ತಂಗಿಗೆ ಕೊಟ್ಟರೆ’ ಎಂಬ ಲೆಕ್ಕದಲ್ಲಿ ಎಷ್ಟೋ ಮಕ್ಕಳು ಸೋಲುವುದು ವಾಕ್ಯದಲ್ಲಿ, ಭಾಗಾಕಾರದಲ್ಲಲ್ಲ.

ಪುಸ್ತಕ ಆರಿಸಲು ಸುಲಭದ ಉಪಾಯವಿದೆ. ನಡುವಿನ ಒಂದು ಪುಟ ತೆರೆದು ಓದಿಸಿ, ತಡೆದ ಪದಕ್ಕೊಂದು ಬೆರಳು ಮಡಚಿ. ಇಂಗ್ಲಿಷಿನವರು ಐದು ಬೆರಳಿನವರೆಗೆ ಬಿಡುತ್ತಾರೆ. ನಮ್ಮ ಪದಗಳು ಉದ್ದ, ಮೂರಕ್ಕೇ ನಿಲ್ಲಿಸಿ, ಆ ಪುಸ್ತಕ ಸದ್ಯಕ್ಕೆ ಕಷ್ಟವೆಂದು ಪಕ್ಕಕ್ಕಿಡುವುದು ಒಳ್ಳೆಯದು. ಆದರೂ ಅದೇ ಪುಸ್ತಕ ಬೇಕೆಂದು ಹಟ ಹಿಡಿದರೆ ನೀವೇ ಓದಿ ಹೇಳಿ. ಓದುತ್ತಾ ಪದವೊಂದರಲ್ಲಿ ಸಿಕ್ಕಿಕೊಂಡರೆ ಮೂರ್ನಾಲ್ಕು ಸೆಕೆಂಡು ಕಾಯಿರಿ, ಬಳಿಕ ಆ ಪದ ಹೇಳಿ ಮುಂದೆ ಬಿಡಿ. ಅಕ್ಷರ ಬಿಡಿಸಿ ಹೇಳಿಸಲು ಹೊರಟರೆ ಕಥೆಯ ಎಳೆ ತಪ್ಪುತ್ತದೆ. ಓದಿದ್ದೇ ಓದುತ್ತಿದ್ದರೆ ಓದಲಿ, ಸರಾಗ ಬರುವುದೇ ಹಾಗೆ.

ಕೆಡುವುದು ಹೆಚ್ಚಾಗಿ ಓದು ಮುಗಿದ ಮೇಲೆ. ‘ಕಥೆಯ ನೀತಿಯೇನು, ಸಾರಾಂಶ ಬರಿ’ ಎಂದರೆ ಕಥೆಪುಸ್ತಕವೂ ಹೋಂವರ್ಕ್. ಪುಸ್ತಕಕ್ಕಿಷ್ಟು ಎಂದು ದುಡ್ಡೋ ಚಾಕೊಲೇಟೋ ಕೊಡುವುದೂ ಬೇಡ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ನಡೆಸಿದ ಪ್ರಯೋಗದಲ್ಲಿ ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟಾಣಿಗಳಿಗೆ ಬಹುಮಾನದ ಆಸೆ ತೋರಿಸಲಾಯಿತು. ಆಮೇಲೆ ಬಹುಮಾನವಿಲ್ಲದಾಗ ಅವರು ಚಿತ್ರ ಬಿಡಿಸುವುದು ಕಡಿಮೆಯಾಯಿತು. ಓದಿನಲ್ಲೂ ಇದೇ ಅಪಾಯ. ಮಾತಾಡಲೇಬೇಕೆನಿಸಿದರೆ ನೀವೂ ಆ ಪುಸ್ತಕ ಓದಿ, ನಿಮಗೆ ನಗು ಬಂದದ್ದೆಲ್ಲಿ ಎಂದು ಹೇಳಿ, ಸಾಕು.

ಪುಸ್ತಕಕ್ಕೆ ಹಣವಿಲ್ಲ ಎನ್ನಬೇಕಾಗಿಲ್ಲ. ಬೆಂಗಳೂರಿನ ಮಕ್ಕಳ ಪುಸ್ತಕ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ಸುಲಭದಿಂದ ಕಷ್ಟದವರೆಗೆ ನಾಲ್ಕು ಹಂತಗಳಲ್ಲಿ ಉಚಿತವಾಗಿವೆ, ಮುದ್ರಿಸಿಕೊಳ್ಳಲೂಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಕೇಳಿ ನೋಡಿ.

ಕನ್ನಡ ಮಾತಾಡುತ್ತಾ ಓದಲು ಬಾರದ ಹತ್ತು–ಹನ್ನೆರಡರ ಮಕ್ಕಳದ್ದು ಬೇರೆ ಸಮಸ್ಯೆ. ದುಬೈಯಲ್ಲಿರಲಿ, ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿರಲಿ, ಮೊದಲ ಹಂತದ ಪುಸ್ತಕ ಅವರಿಗೆ ಓದಲು ಸರಿ, ಆದರೆ ಎಳೆಮಕ್ಕಳದ್ದೆಂಬ ನಾಚಿಕೆ. ಅವರಿಗೆ ಒಗಟು, ನಗೆಹನಿ, ಕ್ರಿಕೆಟ್ ಸುದ್ದಿಯ ತಲೆಬರಹ ಕೊಡಿ. ಎಂಟು ಪದದ ಒಗಟಿನಲ್ಲೂ ಒತ್ತಕ್ಷರ ಸಿಗುತ್ತದೆ, ಉತ್ತರ ತಿಳಿಯಲು ಕೊನೆಯವರೆಗೆ ಓದಲೇಬೇಕಾಗುತ್ತದೆ.