ಅನುದಾನದ ಅರ್ಜಿ: ಮೊದಲು ಬಜೆಟ್, ಆಮೇಲೆ ಬರವಣಿಗೆ

ಅನುದಾನಕ್ಕೆ ಅರ್ಜಿ ಹಾಕುವ ಸಂಘಸಂಸ್ಥೆಗಳು ಪೀಠಿಕೆ ಬರೆಯಲು ವಾರಗಟ್ಟಲೆ ಹೆಣಗುತ್ತವೆ. ಬಜೆಟ್ ಹಾಳೆಯನ್ನು ಕೊನೆಯ ದಿನದ ರಾತ್ರಿ ಯಾರೋ ಒಬ್ಬರ ಕೈಗೆ ಕೊಟ್ಟು ತುಂಬಿಸುತ್ತವೆ. ಪರಿಶೀಲನೆಯಲ್ಲಿ ಪಳಗಿದವರು ಓದುವ ಕ್ರಮ ಬೇರೆ. ಸಾರಾಂಶದ ಮೇಲೆ ಕಣ್ಣಾಡಿಸಿ ನೇರ ಬಜೆಟ್ಟಿಗೆ ಹೋಗುತ್ತಾರೆ, ಅಲ್ಲಿ ಕಂಡದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಓದುತ್ತಾರೆ. ಮಕ್ಕಳ ಓದಿಗಾಗಿ ಎಂದು ಬರೆದ ಅರ್ಜಿಯಲ್ಲಿ ಮುಕ್ಕಾಲು ಹಣ ಲ್ಯಾಪ್‌ಟಾಪ್, ಕ್ಯಾಮೆರಾ, ಉದ್ಘಾಟನಾ ಸಮಾರಂಭಕ್ಕೆ ಹೋಗಿದ್ದರೆ ಪೀಠಿಕೆ ಎಷ್ಟು ಚೆನ್ನಾಗಿದ್ದರೇನು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತಹ ಬಜೆಟ್ ದೂರದಿಂದಲೇ ಕಾಣುತ್ತದೆ.

ಬಜೆಟ್ಟಿಗಿಂತ ಮುಂಚಿನ ಕೆಲಸ ಒಂದಿದೆ: ಅರ್ಹತೆ. ದಾನಿಯ ಪ್ರಕಟಣೆಯಲ್ಲಿ 'ಕಡ್ಡಾಯ' ಎಂದಿರುವ ಪ್ರತಿ ವಾಕ್ಯದ ಕೆಳಗೆ ಗೆರೆ ಎಳೆದು, ಎದುರಿಗೆ ನಿಮ್ಮಲ್ಲಿರುವ ದಾಖಲೆಯ ಹೆಸರು ಬರೆಯಿರಿ. ಒಂದು ಸಾಲು ಖಾಲಿ ಉಳಿದರೂ ಮುಂದುವರಿಯುವ ಮುನ್ನ ಯೋಚಿಸಿ. ನೋಂದಣಿಯಾಗಿ ಎಷ್ಟು ವರ್ಷವಾಗಿರಬೇಕು, ಎಷ್ಟು ವರ್ಷದ ಆಡಿಟ್ ವರದಿ ಬೇಕು, ಯಾವುದಕ್ಕೆ ಹಣ ಇಲ್ಲ (ಕಟ್ಟಡ, ಹಳೆಯ ಸಾಲ, ಈಗಾಗಲೇ ಮುಗಿದ ಕೆಲಸ) ಎಂಬ ಸಾಲುಗಳೇ ಹೆಚ್ಚಿನ ಅರ್ಜಿಗಳನ್ನು ಉರುಳಿಸುವುದು. ಮೊತ್ತದ ಅಳತೆಯೂ ಮುಖ್ಯ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ 1992ರಿಂದ ನಡೆಯುತ್ತಿರುವ ಜಾಗತಿಕ ಪರಿಸರ ನಿಧಿಯ ಸಣ್ಣ ಅನುದಾನ ಯೋಜನೆ ಸಮುದಾಯ ಸಂಘಟನೆಗಳಿಗೆ ಬಹುಕಾಲ 50,000 ಡಾಲರ್ ಮೀರದಂತೆ ಕೊಡುತ್ತಾ ಬಂದದ್ದು. ರೋಟರಿಯ ಜಾಗತಿಕ ಅನುದಾನ ತದ್ವಿರುದ್ಧ: ಯೋಜನೆಯ ಒಟ್ಟು ಬಜೆಟ್ 30,000 ಡಾಲರಿಗಿಂತ ಕಡಿಮೆ ಇರಬಾರದು, ಕೆಲಸ ನಡೆಯುವ ದೇಶದ ಒಂದು ಕ್ಲಬ್ಬೂ ಹೊರದೇಶದ ಒಂದು ಕ್ಲಬ್ಬೂ ಕೈಜೋಡಿಸಿರಬೇಕು. ಅನುದಾನಗಳ ಪಟ್ಟಿಯಲ್ಲಿ ಅಕ್ಕಪಕ್ಕ ಕಾಣುವ ಇವೆರಡು ಒಂದೇ ಸಂಸ್ಥೆಗೆ ಹೊಂದುವುದು ಅಪರೂಪ. ಇನ್ನೊಂದು ಮಾತು: ನಿಮ್ಮ ಇಡೀ ವರ್ಷದ ಖರ್ಚಿಗಿಂತ ದೊಡ್ಡ ಮೊತ್ತ ಕೇಳಿದರೆ, ನಿಯಮದಲ್ಲಿ ಮಿತಿ ಇಲ್ಲದಿದ್ದರೂ, ಇಷ್ಟು ಹಣ ಇವರ ಕೈಯಲ್ಲಿ ನಿಭಾಯಿಸಲಾದೀತೇ ಎಂಬ ಪ್ರಶ್ನೆ ಏಳುತ್ತದೆ.

ಈಗ ಬಜೆಟ್. ಯಾವ ಸಾಲಿನಲ್ಲೂ ಬರೀ ಮೊತ್ತ ಬರೆಯಬೇಡಿ, ಅದು ಬಂದ ದಾರಿ ಬರೆಯಿರಿ. 60 ಮಕ್ಕಳಿಗೆ ಸಂಜೆಯ ಓದಿನ ತರಗತಿ ಎಂದಿಟ್ಟುಕೊಳ್ಳಿ. 20 ಮಕ್ಕಳಿಗೆ ಒಬ್ಬರಂತೆ 3 ಬೋಧಕರು, ವಾರಕ್ಕೆ 3 ದಿನ, ದಿನಕ್ಕೆ 2 ಗಂಟೆ, 40 ವಾರ. ಒಬ್ಬ ಬೋಧಕರಿಗೆ 240 ಗಂಟೆ ಪಾಠ. ಪಾಠಕ್ಕೆ ತಯಾರಿ ದಿನಕ್ಕೆ 1 ಗಂಟೆ ಎಂದರೆ ಇನ್ನೂ 120. ಒಬ್ಬರಿಗೆ 360, ಮೂವರಿಗೆ 1,080 ಗಂಟೆ. ಇದನ್ನು ಗಂಟೆಯ ಸಂಭಾವನೆಯಿಂದ ಗುಣಿಸಿದರೆ ಬರುವ ಮೊತ್ತವನ್ನು ಯಾರೂ ಪ್ರಶ್ನಿಸಲಾರರು. 'ಬೋಧಕರ ಗೌರವಧನ' ಎಂದಷ್ಟೇ ಬರೆದು ಸೊನ್ನೆಗಳಲ್ಲಿ ಮುಗಿಯುವ ದುಂಡು ಮೊತ್ತ ಹಾಕಿದರೆ ಅದು ಕಣ್ಣಳತೆಯ ಲೆಕ್ಕವೆಂದು ತಿಳಿದುಹೋಗುತ್ತದೆ. ತಯಾರಿಯ ಆ 120 ಗಂಟೆಯನ್ನು ಬಿಡುವವರೇ ಬಹಳ. ಅರ್ಜಿಯಲ್ಲಿ ಉಳಿತಾಯದಂತೆ ಕಂಡದ್ದು ಐದನೇ ತಿಂಗಳಿಗೆ ಬೋಧಕರು ಕೆಲಸ ಬಿಡುವುದರಲ್ಲಿ ಮುಗಿಯುತ್ತದೆ.

ಎಲ್ಲರೂ ಎಡವುವ ಜಾಗ ಆಡಳಿತ ವೆಚ್ಚ, ಅಂದರೆ ಬಾಡಿಗೆ, ವಿದ್ಯುತ್, ಲೆಕ್ಕಿಗರ ಸಂಬಳ ಇತ್ಯಾದಿ. 'ಶೇ. 15' ಎಂದು ದಾನಿ ಹೇಳಿದರೆ ಯಾವುದರ ಶೇ. 15 ಎಂದು ಕೇಳಲೇಬೇಕು. ಒಟ್ಟು ಅನುದಾನದ ಶೇ. 15 ಆದರೆ ನೂರರಲ್ಲಿ 85 ನೇರ ಕೆಲಸಕ್ಕೆ, 15 ಆಡಳಿತಕ್ಕೆ. ನೇರ ವೆಚ್ಚದ ಶೇ. 15 ಆದರೆ ನೂರಕ್ಕೆ 15 ಸೇರಿ 115. ಆಗ ಆಡಳಿತದ ಪಾಲು ಒಟ್ಟು ಮೊತ್ತದ ಸುಮಾರು ಶೇ. 13 ಮಾತ್ರ. ಅಮೆರಿಕದ ಒಕ್ಕೂಟ ಸರ್ಕಾರದ ಅನುದಾನಗಳಲ್ಲಿ, ಸರ್ಕಾರದೊಂದಿಗೆ ದರ ಗೊತ್ತುಪಡಿಸಿಕೊಂಡಿರದ ಸಂಸ್ಥೆಗಳು ಪಡೆಯಬಹುದಾದ ದರ ಶೇ. 10 ಇದ್ದದ್ದು 2024ರ ಅಕ್ಟೋಬರಿನಿಂದ ಶೇ. 15ರವರೆಗೆ ಏರಿದೆ. ಆದರೆ ದೊಡ್ಡ ಯಂತ್ರೋಪಕರಣ, ವಿದ್ಯಾರ್ಥಿವೇತನದಂತಹ ಬಾಬ್ತುಗಳನ್ನು ಕಳೆದ ಮೇಲೆ ಉಳಿಯುವ ಮೊತ್ತಕ್ಕಷ್ಟೇ ಆ ದರ. ನೇರ ವೆಚ್ಚ 1,00,000 ಡಾಲರ್, ಅದರಲ್ಲಿ 20,000 ಯಂತ್ರಕ್ಕೆ ಎಂದರೆ ಸಿಗುವುದು 15,000 ಅಲ್ಲ, 12,000. ಯುರೋಪಿಯನ್ ಒಕ್ಕೂಟದ ಸಂಶೋಧನಾ ಅನುದಾನವಾದ ಹೊರೈಜನ್ ಯೋಜನೆಯಲ್ಲಿ ದರ ಶೇ. 25 ಎಂದು ನಿಗದಿಯಾಗಿದೆ, ಅಲ್ಲೂ ಉಪಗುತ್ತಿಗೆಯ ಹಣ ಲೆಕ್ಕಕ್ಕೆ ಬರುವುದಿಲ್ಲ. ಆಡಳಿತ ವೆಚ್ಚ ಕೇಳದಿರುವುದೇ ದೊಡ್ಡತನ ಎಂಬ ನಂಬಿಕೆ ಸಣ್ಣ ಸಂಸ್ಥೆಗಳಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಆ ಸಾಲು ಸೊನ್ನೆ ಇದ್ದರೆ ಬಾಡಿಗೆ ಕಟ್ಟುವವರು ಯಾರು ಎಂಬ ಅನುಮಾನ ಬರುತ್ತದೆ.

ಸ್ವಂತ ಪಾಲಿನ ಲೆಕ್ಕದಲ್ಲೂ ಇಂಥದೇ ಗುಂಡಿ. 'ಯೋಜನೆಯ ಒಟ್ಟು ವೆಚ್ಚದ ಶೇ. 20 ನಿಮ್ಮದು' ಎಂದಿದ್ದರೆ 80ರ ಅನುದಾನಕ್ಕೆ ನೀವು ತೋರಿಸಬೇಕಾದ್ದು 20. ಅಂದರೆ ಅನುದಾನದ ಕಾಲು ಭಾಗ. 80ರ ಶೇ. 20 ಎಂದು 16 ತೋರಿಸಿದ ಅರ್ಜಿ ಅಲ್ಲೇ ಬೀಳುತ್ತದೆ. ಸ್ವಯಂಸೇವಕರ ದುಡಿಮೆಯನ್ನು ಸ್ವಂತ ಪಾಲಿಗೆ ಸೇರಿಸಬಹುದೇ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿ. ಸೇರಿಸಬಹುದಾದರೆ ಮೊದಲ ದಿನದಿಂದಲೇ ಸಹಿ ಇರುವ ಹಾಜರಿ ಪುಸ್ತಕ ಬೇಕು. ವರ್ಷದ ಕೊನೆಗೆ ಒಂದೇ ಪೆನ್ನಿನಲ್ಲಿ ಬರೆದ ಹಾಜರಿಯನ್ನು ಆಡಿಟರ್ ಕಣ್ಣು ಬಿಡುವುದಿಲ್ಲ. ಹಣ ಮುಂಗಡವಾಗಿ ಬರುತ್ತದೆಯೋ, ಖರ್ಚು ಮಾಡಿ ರಸೀದಿ ಕೊಟ್ಟ ಮೇಲೆಯೋ? ಎರಡನೆಯದಾದರೆ ಮೂರು ನಾಲ್ಕು ತಿಂಗಳ ಖರ್ಚಿನಷ್ಟು ಕೈಹಣ ಇಲ್ಲದ ಸಂಸ್ಥೆ ಆ ಅನುದಾನ ಗೆದ್ದೂ ಸೋಲುತ್ತದೆ.

ಬಜೆಟ್ ಗಟ್ಟಿಯಾದ ಮೇಲೆ ಬರವಣಿಗೆ ತಾನಾಗಿ ಸಾಲಿಗೆ ಬರುತ್ತದೆ. ಅಂಕಗಳ ಹಂಚಿಕೆ ಪ್ರಕಟವಾಗಿದ್ದರೆ ಪುಟಗಳನ್ನೂ ಅದೇ ಪ್ರಮಾಣದಲ್ಲಿ ಹಂಚಿ. ಕಾರ್ಯವಿಧಾನಕ್ಕೆ 35 ಅಂಕ, ಸಂಸ್ಥೆಯ ಪರಿಚಯಕ್ಕೆ 10 ಇರುವಾಗ ಮೂರು ಪುಟ ಪರಿಚಯ ಬರೆಯುವವರಿದ್ದಾರೆ. 1969ರ ಸುಮಾರಿಗೆ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ಗಾಗಿ ರೂಪುಗೊಂಡ ಲಾಗ್‌ಫ್ರೇಮ್ ಕೋಷ್ಟಕವನ್ನು ಅನೇಕ ದಾನಿಗಳು ಇಂದಿಗೂ ಕೇಳುತ್ತಾರೆ. ಅದರ ನಾಲ್ಕು ಕಂಬಸಾಲುಗಳು: ಏನು ಮಾಡುತ್ತೇವೆ, ಅದನ್ನು ತೋರುವ ಸೂಚಕ, ಸೂಚಕಕ್ಕೆ ಪುರಾವೆ, ನಾವು ಊಹಿಸಿಕೊಂಡ ಸ್ಥಿತಿ. '60 ಮಕ್ಕಳಿಗೆ ಪಾಠ' ಎಂಬುದು ನೀವು ಮಾಡಿದ ಕೆಲಸ. 'ವರ್ಷದ ಕೊನೆಗೆ 60ರಲ್ಲಿ 40 ಮಕ್ಕಳು ತಮ್ಮ ತರಗತಿಯ ಪಾಠವನ್ನು ತಡವರಿಸದೆ ಓದುತ್ತಾರೆ' ಎಂಬುದು ಫಲ. ಫಲ ತೋರಿಸಲು ಆರಂಭದಲ್ಲೂ ಒಂದು ಪರೀಕ್ಷೆ ಬೇಕು, ಅದಕ್ಕೊಂದು ಬಜೆಟ್ ಸಾಲು ಬೇಕು. ಕೊನೆಯ ಕಂಬಸಾಲನ್ನು 'ಎಲ್ಲರ ಸಹಕಾರ' ಎಂದು ತುಂಬಿ ಕೈತೊಳೆದುಕೊಳ್ಳಬೇಡಿ. ಸುಗ್ಗಿಯ ತಿಂಗಳಲ್ಲಿ ಮಕ್ಕಳು ಬರದಿದ್ದರೆ ಏನು ಮಾಡುತ್ತೀರಿ ಎಂಬುದನ್ನು ಬರೆಯುವ ಜಾಗ ಅದು.

ಕಾಗದಪತ್ರಕ್ಕೆ ಸಮಯ ಕೊಡಿ. ಅಮೆರಿಕದ ಒಕ್ಕೂಟ ಅನುದಾನಕ್ಕೆ ಅಲ್ಲಿನ ಸರ್ಕಾರದ ನೋಂದಣಿ ಜಾಲತಾಣವಾದ ಸ್ಯಾಮ್ ಪೋರ್ಟಲ್‌ನಲ್ಲಿ ನೋಂದಾಯಿಸಿ 12 ಅಕ್ಷರ-ಅಂಕಿಗಳ ಗುರುತು ಪಡೆಯಬೇಕು (2022ರ ಏಪ್ರಿಲ್‌ನಿಂದ ಹಳೆಯ ಡನ್ಸ್ ಸಂಖ್ಯೆಯ ಬದಲು ಇದೇ), ನೋಂದಣಿಯನ್ನು ಪ್ರತಿವರ್ಷ ನವೀಕರಿಸಬೇಕು. ಕೊನೆಯ ವಾರದಲ್ಲಿ ನೆನಪಾದರೆ ಆಗುವ ಕೆಲಸವಲ್ಲ. ಗಡುವಿನ ಗಂಟೆ ಯಾವ ದೇಶದ ಗಡಿಯಾರದ್ದು ಎಂದೂ ನೋಡಿ. ಪೋರ್ಟಲ್‌ನ 'ಅಕ್ಷರ ಮಿತಿ' ಖಾಲಿ ಜಾಗವನ್ನೂ ಎಣಿಸುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೆಟ್ಟು ಇದೆ: ನಮಗೆ ಒಂದೇ ಅಕ್ಷರವಾದ 'ಸ್ತ್ರೀ' ಯೂನಿಕೋಡ್ ಎಣಿಕೆಯಲ್ಲಿ ಆರು.

ವಿದ್ಯಾರ್ಥಿಗಳ ಅರ್ಜಿಯಲ್ಲಿ ಬಜೆಟ್ಟಿನ ಜಾಗದಲ್ಲಿ ಕೂರುವುದು ಶಿಫಾರಸು ಪತ್ರ. ನೀವು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ತಾಳೆ ನೋಡುವ ಹಾಳೆ ಅದು. 'ವಿನಯವಂತ, ಪರಿಶ್ರಮಿ' ಎಂಬ ಪತ್ರದಿಂದ ಕೆಡುಕಿಲ್ಲ, ಪ್ರಯೋಜನವೂ ಇಲ್ಲ. ಗಡುವಿಗೆ ನಾಲ್ಕು ವಾರ ಮೊದಲೇ ಅಧ್ಯಾಪಕರನ್ನು ಕಂಡು ಒಂದು ಹಾಳೆ ಕೊಡಿ: ವಿದ್ಯಾರ್ಥಿವೇತನದ ಆಯ್ಕೆಯ ಮಾನದಂಡ, ಅವರ ತರಗತಿಯಲ್ಲಿ ನೀವು ಮಾಡಿದ ಎರಡು ಕೆಲಸ, ಪತ್ರ ಸೇರಬೇಕಾದ ದಿನ. ದೊಡ್ಡ ಹೆಸರಿನವರು ಬರೆದ ಪೊಳ್ಳು ಪತ್ರಕ್ಕಿಂತ ನಿಮ್ಮ ಪ್ರಾಜೆಕ್ಟ್ ತಿದ್ದಿದ ಕಿರಿಯ ಅಧ್ಯಾಪಕರ ಪತ್ರ ಮೇಲು.

ಷರತ್ತುಗಳನ್ನು ಅರ್ಜಿಗೆ ಮೊದಲೇ ಓದಿ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಪಡೆದವರು ಓದು ಮುಗಿಸಿ ಕನಿಷ್ಠ ಎರಡು ವರ್ಷಕ್ಕೆ ತಾಯ್ನಾಡಿಗೆ ಮರಳಬೇಕು. ಅರ್ಜಿಗೇ 2,800 ಗಂಟೆಗಳ ಕೆಲಸದ ಅನುಭವ ಬೇಕು. 1946ರಲ್ಲಿ ಹುಟ್ಟಿದ ಅಮೆರಿಕದ ಫುಲ್‌ಬ್ರೈಟ್‌ನಲ್ಲಿ ವೀಸಾದ ಜೊತೆಗೇ ಎರಡು ವರ್ಷದ ತಾಯ್ನಾಡ ವಾಸದ ನಿಬಂಧನೆ ಬರುತ್ತದೆ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಸ್ನಾತಕೋತ್ತರ ವಿದ್ಯಾರ್ಥಿವೇತನ ತಿಂಗಳಿಗೆ 1,400 ಯೂರೋ. ಪ್ರಯಾಣ, ವೀಸಾ, ಮನೆ ಬಾಡಿಗೆ ಎಲ್ಲವೂ ಅದರಲ್ಲೇ ನಡೆಯಬೇಕು. ಮೊದಲ ಕಂತು ಹೋಗಿ ಸೇರಿದ ಮೇಲೆ ಕೈಗೆ ಬರುವುದೇ ಹೆಚ್ಚು, ಹಾಗಾಗಿ ಟಿಕೆಟ್ಟಿನ ಹಣ ಬೇರೆ ಹೊಂದಿಸಿಕೊಂಡಿರಬೇಕು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಹೊರಗಿನ ವಿದ್ಯಾರ್ಥಿವೇತನ ಬಂದಷ್ಟು ತಮ್ಮ ನೆರವನ್ನು ಕಡಿತ ಮಾಡುತ್ತವೆ. ಹಾಗಾದರೆ ಗೆದ್ದರೂ ಕೈಗೆ ಹೆಚ್ಚೇನೂ ಸೇರಲಿಲ್ಲ. ಕೊಡುವ ಹಣ ಬಿಡುಗಡೆ ಮಾಡಲು ಮೊದಲು ಶುಲ್ಕ ಕಟ್ಟಿ ಎಂದವರ ಜೊತೆ ಮಾತೇ ಬೇಡ, ಅದು ಮೋಸ.

ಅನುದಾನ ಸಿಕ್ಕ ಮೇಲೆ ಒಪ್ಪಂದದಲ್ಲಿ ಮೊದಲು ಹುಡುಕಬೇಕಾದ್ದು ಎರಡು ಕಲಮು: ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಅನುಮತಿ ಇಲ್ಲದೆ ಎಷ್ಟರಮಟ್ಟಿಗೆ ವರ್ಗಾಯಿಸಬಹುದು, ಅವಧಿ ವಿಸ್ತರಣೆಯನ್ನು ಯಾವಾಗ ಕೇಳಬೇಕು. ವಿಸ್ತರಣೆಯ ಪತ್ರ ಅವಧಿ ಮುಗಿಯುವ ಮುನ್ನ ಹೋಗದಿದ್ದರೆ ಉಳಿದ ಹಣ ವಾಪಸ್ ಹೋಗುವುದು ಬಹುತೇಕ ಖಚಿತ. ಸಿಗದಿದ್ದರೆ 'ಯಾಕೆ ಕೊಡಲಿಲ್ಲ' ಎಂದು ಕೇಳಬೇಡಿ, ಉತ್ತರ ಬರುವುದಿಲ್ಲ. ಪ್ರತಿ ವಿಭಾಗದಲ್ಲಿ ಬಂದ ಅಂಕ, ಪರಿಶೀಲಕರ ಟಿಪ್ಪಣಿ, ಅದೇ ಯೋಜನೆಯನ್ನು ಮುಂದಿನ ಸುತ್ತಿಗೆ ತರಬಹುದೇ ಎಂಬ ಮೂರನ್ನು ಸಣ್ಣ ಇಮೇಲ್‌ನಲ್ಲಿ ಕೇಳಿ. ಟಿಪ್ಪಣಿ ಬಂದರೆ ಮುಂದಿನ ಬಜೆಟ್ ಹಾಳೆ ತೆರೆಯುವಾಗ ಅದನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ.