ಸಾಣೆಯ ಕೋನ ತಪ್ಪಿದರೆ ವಜ್ರವೂ ಮಂಕು

1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಕೊಹಿನೂರನ್ನು ನೋಡಲು ಮುಗಿಬಿದ್ದ ಜನ ನಿರಾಶರಾಗಿ ಮರಳಿದರು. ಸುತ್ತ ಗ್ಯಾಸ್ ದೀಪ ಹಚ್ಚಿದರೂ ಅದು ಮಿಂಚಲಿಲ್ಲ. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಿಂದ ಕುಶಲಕರ್ಮಿಗಳನ್ನು ಕರೆಸಿ, ಉಗಿಯಂತ್ರದಿಂದ ತಿರುಗುವ ಸಾಣೆಗೆ ಅದನ್ನು ಹಿಡಿಸಿದರು. ಸುಮಾರು 190 ಕ್ಯಾರೆಟ್ ಇದ್ದದ್ದು 105.6 ಕ್ಯಾರೆಟ್‌ಗೆ ಇಳಿಯಿತು. ಕಲ್ಲು ಅದೇ, ಅದರ ಇಂಗಾಲವೂ ಅದೇ. ಅರ್ಧಕ್ಕೆ ಹತ್ತಿರ ತೂಕ ಕಳೆದುಕೊಂಡ ಮೇಲೆ ಅದರ ಹೊಳಪು ಹೆಚ್ಚಿತು.

ಇಷ್ಟು ಹಳೆಯ ಪಾಠ ಕಣ್ಣೆದುರಿಗಿದ್ದರೂ ನಿಶ್ಚಿತಾರ್ಥದ ಉಂಗುರ ಕೊಳ್ಳಲು ಹೋದವರ ಮೊದಲ ಪ್ರಶ್ನೆ ‘ಎಷ್ಟು ಸೆಂಟ್?’ ಎಂದೇ. ನೂರು ಸೆಂಟ್ ಎಂದರೆ ಒಂದು ಕ್ಯಾರೆಟ್, ಅಂದರೆ 200 ಮಿಲಿಗ್ರಾಂ. ಆಮೇಲೆ ಬಣ್ಣ, ಶುದ್ಧತೆ. ಅದಾದ ಮೇಲೆ ದೋಷದ ಮಾತು: ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ತಲೆದಿಂಬಿನ ಕೆಳಗಿಟ್ಟು ಮಲಗಿ ಕನಸು ಹೇಗೆ ಬೀಳುತ್ತದೆಂದು ನೋಡಬೇಕು. ಲಕ್ಷಗಟ್ಟಲೆ ಹಣ ಕೊಟ್ಟು ಮಂಕು ಹರಳನ್ನು ಮನೆಗೆ ತರುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ವಜ್ರದ ನಿಜವಾದ ದೋಷವನ್ನು ಡಿಗ್ರಿಗಳಲ್ಲಿ ಅಳೆಯಬಹುದು, ಮತ್ತು ಅದು ಪ್ರಮಾಣಪತ್ರದಲ್ಲೇ ಅಚ್ಚಾಗಿರುತ್ತದೆ.

ದುಂಡನೆಯ ಬ್ರಿಲಿಯಂಟ್ ಕಟ್ ಅನ್ನೇ ತೆಗೆದುಕೊಳ್ಳೋಣ. ವಜ್ರದ ವಕ್ರೀಭವನಾಂಕ 2.42. ಇದರಿಂದಾಗಿ ಹರಳಿನ ಒಳಗಿನ ಬೆಳಕು ಯಾವುದೇ ಮುಖಕ್ಕೆ ಲಂಬದಿಂದ 24.4 ಡಿಗ್ರಿಗಿಂತ ಹೆಚ್ಚು ವಾಲಿ ಬಡಿದರೆ ಹೊರಬೀಳಲಾರದು, ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಗಾಜಿನಲ್ಲಿ ಈ ಗಡಿ ಸುಮಾರು 42 ಡಿಗ್ರಿ. ಅದೇ ಆಕಾರಕ್ಕೆ ಕತ್ತರಿಸಿದ ಗಾಜು ತಳದಿಂದ ಬೆಳಕನ್ನು ಸೋರಿಸಿಬಿಡುವುದು ಅದಕ್ಕೇ.

ಈಗ ಮೇಲಿನ ಚಪ್ಪಟೆ ಮುಖದ, ಅಂದರೆ ಟೇಬಲ್‌ನ, ಮೂಲಕ ನೇರ ಕೆಳಗಿಳಿಯುವ ಒಂದು ಕಿರಣವನ್ನು ಹಿಂಬಾಲಿಸಿ. ಕೆಳಗಿನ ಶಂಕುವಿನಾಕಾರದ ಭಾಗ ಪೆವಿಲಿಯನ್. ಅದರ ಇಳಿಜಾರು 40.75 ಡಿಗ್ರಿ ಇದ್ದರೆ ಕಿರಣ ಅಷ್ಟೇ ಕೋನದಲ್ಲಿ ಗೋಡೆಗೆ ಬಡಿದು, ಎದುರು ಗೋಡೆಗೆ 57.75 ಡಿಗ್ರಿಯಲ್ಲಿ ತಾಗಿ, ಕ್ಯಾರಂ ಬೋರ್ಡಿನ ಎರಡು ಅಂಚಿಗೆ ತಗುಲಿ ಮರಳುವ ಸ್ಟ್ರೈಕರ್‌ನಂತೆ ಮೇಲಕ್ಕೆ ಬರುತ್ತದೆ. ಬರುವಾಗ ಲಂಬದಿಂದ 17 ಡಿಗ್ರಿ ವಾಲಿರುತ್ತದೆ. ಹೊರಬೀಳುವಾಗ ಇನ್ನಷ್ಟು ಬಾಗಿ, ಕೋಣೆಯ ಬೇರೊಂದು ಮೂಲೆಯ ಬೆಳಕನ್ನು ನಮ್ಮ ಕಣ್ಣಿಗೆ ಜೋಡಿಸುತ್ತದೆ. ಪೆವಿಲಿಯನ್ 45 ಡಿಗ್ರಿಯ ಹತ್ತಿರ ಕಡಿದಾದರೆ ಕಿರಣ ಬಂದ ದಾರಿಯಲ್ಲೇ ಮರಳುತ್ತದೆ. ಆಗ ಹರಳು ನಮಗೆ ತೋರಿಸುವುದು ನಮ್ಮದೇ ತಲೆಯ ನೆರಳನ್ನು, ನಡುವೆ ಮೊಳೆಯ ತಲೆಯಂಥ ಕಪ್ಪು ಮಚ್ಚೆಯಾಗಿ. 38–39ಕ್ಕೆ ಇಳಿದರೆ ಟೇಬಲ್ ಒಳಗೆ ಹರಳಿನ ನಡುಪಟ್ಟಿಯಾದ ಗರ್ಡಲ್‌ನ ಬೂದು ಉಂಗುರ ಪ್ರತಿಬಿಂಬಿಸುತ್ತದೆ; ಅದನ್ನು ವ್ಯಾಪಾರದಲ್ಲಿ ಮೀನುಕಣ್ಣು ಎನ್ನುತ್ತಾರೆ. ಕೆಲವೇ ಡಿಗ್ರಿಗಳ ಅಂತರದಲ್ಲಿ ಇಷ್ಟೆಲ್ಲ ನಡೆದುಹೋಗುತ್ತದೆ!

ಈ ಲೆಕ್ಕವನ್ನು 1919ರಲ್ಲಿ ಪ್ರಕಟಿಸಿದವನು ವಜ್ರ ಕತ್ತರಿಸುವ ಮನೆತನದ ಇಂಜಿನಿಯರ್ ಮಾರ್ಸೆಲ್ ಟೊಲ್ಕೊವ್‌ಸ್ಕಿ. ಪೆವಿಲಿಯನ್ 40.75 ಡಿಗ್ರಿ, ಮೇಲ್ಭಾಗದ ಕ್ರೌನ್ 34.5 ಡಿಗ್ರಿ, ಟೇಬಲ್ ವ್ಯಾಸದ ಶೇ. 53 ಎಂದು ಅವನು ಕೊಟ್ಟ. ಅವನಿಗಿಂತ ಎರಡೂವರೆ ಶತಮಾನ ಮೊದಲು ವಿಜಾಪುರದ ಆದಿಲ್ ಶಾಹಿ ರಾಜ್ಯದ ಮತ್ತು ಗೋಲ್ಕೊಂಡದ ಗಣಿಗಳನ್ನು ನೋಡಿದ ಫ್ರೆಂಚ್ ವ್ಯಾಪಾರಿ ಟವೆರ್ನಿಯೆ ಬರೆದಿಟ್ಟದ್ದು ಬೇರೆಯೇ. ಇಲ್ಲಿನವರು ಶುದ್ಧವಾದ ಕಲ್ಲನ್ನು ತೂಕ ಹೋದೀತೆಂದು ಹೆಚ್ಚು ಮುಟ್ಟುತ್ತಿರಲಿಲ್ಲ, ಒಳಗೆ ಕಲೆಯಿದ್ದರೆ ಮಾತ್ರ ಮರೆಮಾಚಲು ಮೈತುಂಬ ಮುಖ ಕೊರೆಯುತ್ತಿದ್ದರು. ತೂಕದ ಆ ವ್ಯಾಮೋಹ ಇಂದಿಗೂ ಹೋಗಿಲ್ಲ. 1.00 ಕ್ಯಾರೆಟ್ ಮುಟ್ಟಿಸಲೆಂದು ಹೊಟ್ಟೆ ಆಳವಾಗಿ, ಗರ್ಡಲ್ ದಪ್ಪವಾಗಿ ಉಳಿಸಿದ ಹರಳುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಅದನ್ನು ಹಿಡಿಯುವುದು ಸುಲಭ: ವ್ಯಾಸ ನೋಡಿ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರೆಟ್‌ನ ದುಂಡು ವಜ್ರ 6.4–6.5 ಮಿಲಿಮೀಟರ್ ಅಗಲ, 50 ಸೆಂಟ್‌ನದು 5.1, 30 ಸೆಂಟ್‌ನದು 4.3. ಐವತ್ತು ಸೆಂಟ್ ಎಂದು ತೂಗಿ 4.8 ಅಳೆದರೆ, ಕಣ್ಣಿಗೆ ಕಾಣದ ತೂಕಕ್ಕೆ ದುಡ್ಡು ಕೊಡುತ್ತಿದ್ದೀರಿ.

ವಜ್ರ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅಮೆರಿಕದ ಜಿಐಎ ಸಂಸ್ಥೆ 2006ರಿಂದ ದುಂಡು ವಜ್ರಗಳಿಗೆ ಕಟ್ ದರ್ಜೆ ಕೊಡುತ್ತಿದೆ. ‘ಎಕ್ಸಲೆಂಟ್’ ಎಂದಿದ್ದರೆ ಸಾಕೆಂದು ನಿಲ್ಲಬೇಡಿ. ಆ ದರ್ಜೆಯೊಳಗೆ ಪೆವಿಲಿಯನ್ 40.6ರಿಂದ 41.8ರವರೆಗೂ ಇರಬಹುದು, ಕ್ರೌನ್ 31.5ರಿಂದ 36.5ರವರೆಗೆ. ನನ್ನ ಮಟ್ಟಿಗೆ ಪೆವಿಲಿಯನ್ 40.6–41.0, ಕ್ರೌನ್ 34–35, ಟೇಬಲ್ ಶೇ. 54–58, ಒಟ್ಟು ಆಳ ಶೇ. 60–62.5 ಇದ್ದರೆ ಹರಳು ಕೈಗೆತ್ತಿಕೊಂಡು ನೋಡಲು ಯೋಗ್ಯ. ಎರಡೂ ಕೋನ ಒಟ್ಟಿಗೆ ಕಡಿದಾಗಿರುವುದು, ಉದಾಹರಣೆಗೆ ಕ್ರೌನ್ 36ರ ಜೊತೆ ಪೆವಿಲಿಯನ್ 41.4, ಬೇಡವೇ ಬೇಡ. ಟೇಬಲ್‌ನ ಅಂಚಿನ ಕೆಳಗೆ ಬೆಳಕು ಸೋರುತ್ತದೆ. ‘ಪಾಲಿಶ್ ಎಕ್ಸಲೆಂಟ್, ಸಿಮೆಟ್ರಿ ಎಕ್ಸಲೆಂಟ್’ ಎಂದು ಅಂಗಡಿಯವರು ಓದಿ ಹೇಳಿದರೆ ಕಟ್ ದರ್ಜೆಯ ಸಾಲನ್ನೇ ತೋರಿಸಲು ಕೇಳಿ. ಅವು ಬೇರೆ ಬೇರೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರಕ್ಕೂ ಇದೇ ಅಂಕಿಗಳು.

ಅಂಗಡಿಯ ಸ್ಪಾಟ್ ಲೈಟ್ ಕೆಳಗೆ ಕೆಟ್ಟ ಕಟ್ ಕೂಡ ಕಿಡಿ ಉಗುಳುತ್ತದೆ, ಅದನ್ನು ನಂಬಬೇಡಿ. ಕಿಟಕಿಯ ಬಳಿ, ನೇರ ಬಿಸಿಲಿಲ್ಲದ ಕಡೆ ಹೋಗಿ. ಕಟ್ಟಿಸದ ಹರಳನ್ನು ಚಿಮುಟದಲ್ಲಿ ಹಿಡಿದು ಗಾಢ ಬಣ್ಣದ ಕಾಗದದ ಮೇಲೆ ತಂದು, ಒಂದು ಅಡಿ ದೂರದಿಂದ ಟೇಬಲ್ ಮೂಲಕ ನೇರ ನೋಡಿ. ಬೆಳಕು ಹೋದ ದಾರಿಯಲ್ಲೇ ಬರಬಲ್ಲದು. ಆದ್ದರಿಂದ ಸೋರುವ ಜಾಗದಲ್ಲೆಲ್ಲ ಕಾಗದದ ಬಣ್ಣ ಇಣುಕುತ್ತದೆ. ಮೆಲ್ಲಗೆ ಓಲಾಡಿಸಿ: ಒಳ್ಳೆಯ ಕಟ್‌ನಲ್ಲಿ ಕಪ್ಪು–ಬಿಳಿ ಚೂರುಗಳು ಚುರುಕಾಗಿ ಅದಲುಬದಲಾಗುತ್ತವೆ, ಒಂದೇ ಕಡೆ ಕಪ್ಪು ಕೂತಿರುವುದಿಲ್ಲ.

ಕೊಂಡ ಮೇಲೆ ಇದೇ ಭೌತಶಾಸ್ತ್ರ ಬೆರಳಿನ ಮೇಲೂ ನಡೆಯುತ್ತದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಿಂದ ಹರಳಿನ ಬೆನ್ನಿಗೆ ಎಣ್ಣೆಯ ಪದರ ಅಂಟಿದರೆ 24.4 ಇದ್ದ ಗಡಿ ಸುಮಾರು 37 ಡಿಗ್ರಿಗೆ ಏರುತ್ತದೆ. 40.75ಕ್ಕೂ ಅದಕ್ಕೂ ಉಳಿದದ್ದು ಮೂರು ಮುಕ್ಕಾಲು ಡಿಗ್ರಿ ಮಾತ್ರ. ಓರೆಯಾಗಿ ಬಂದ ಕಿರಣಗಳಲ್ಲಿ ಬಹಳಷ್ಟು ತಳದಿಂದ ಹೊರಟುಹೋಗುತ್ತವೆ. ಕೆಲವು ತಿಂಗಳಿಗೇ ‘ವಜ್ರ ಕಳೆಗುಂದಿತು, ಆಗಿಬರಲಿಲ್ಲ’ ಎಂಬ ಮಾತು ಹುಟ್ಟುವುದು ಹೀಗೆ. ಪಾತ್ರೆ ತೊಳೆಯುವ ದ್ರವ ಸೋಪಿನ ಎರಡು ಹನಿ ಹಾಕಿದ ಉಗುರುಬೆಚ್ಚನೆಯ ನೀರಿನಲ್ಲಿ ಉಂಗುರವನ್ನು ಕಾಲು ಗಂಟೆ ನೆನೆಸಿ, ಮೃದು ಹಲ್ಲುಜ್ಜುವ ಬ್ರಷ್‌ನಿಂದ ಹರಳಿನ ಹಿಂಬದಿಯನ್ನು ಉಜ್ಜಿ ತೊಳೆಯಿರಿ. ಸಿಂಕಿನ ಮೇಲೆ ಮಾತ್ರ ಬೇಡ, ಬಟ್ಟಲಿನಲ್ಲಿ.